ಜಮೀನು ಕೈಬಿಟ್ಟರೆ ವಿದೇಶಿ ಕಂಪನಿ ದಾವೆ ಹೂಡಬಹುದೇ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು. ಮೂರು ವರ್ಷ ಮೀರಿದ ರೈತ ಹೋರಾಟಕ್ಕೆ ಅದು ಸಿಕ್ಕ ಗೆಲುವು. ಅದೇ ವರ್ಷ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಇನ್ನೊಂದು ಮಾತು ಹೇಳಿದ್ದರು: ಭಾರತದ ಮಾದರಿ ದ್ವಿಪಕ್ಷೀಯ ಹೂಡಿಕೆ ಒಪ್ಪಂದವನ್ನು (ಪರಸ್ಪರರ ಹೂಡಿಕೆದಾರರಿಗೆ ರಕ್ಷಣೆ ಕೊಡಲು ಬೇರೆ ದೇಶಗಳ ಜೊತೆ ಮಾಡಿಕೊಳ್ಳುವ ಒಪ್ಪಂದಗಳಿಗೆ ಭಾರತ ಇಟ್ಟುಕೊಂಡಿರುವ ಮಾದರಿ ಪಠ್ಯವನ್ನು) ಪರಿಷ್ಕರಿಸಿ, ಹೂಡಿಕೆದಾರರಿಗೆ ಇನ್ನಷ್ಟು ಅನುಕೂಲವಾಗುವಂತೆ ಮಾಡಲಾಗುವುದು.

ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ನೋಡಿದರೆ ಪಕ್ಕದ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳವರಿಗೆ ಗೊಂದಲವಾಗುವುದು ಸಹಜ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕೈಗಾರಿಕಾ ಪ್ರದೇಶಕ್ಕೆ ಜಮೀನು ಪಡೆಯಲು ಹೊರಟ ಮೇಲೆ ಕೊಡುತ್ತೇವೆ ಎನ್ನುವವರೂ ಕೊಡುವುದಿಲ್ಲ ಎನ್ನುವವರೂ ಎದುರುಬದುರಾಗಿದ್ದಾರೆ. ನಾಳೆ ಅಂಥ ಜಮೀನು ವಿದೇಶಿ ಕಂಪನಿಗೆ ಹಂಚಿಕೆಯಾಗಿ, ಆಮೇಲೆ ಸರ್ಕಾರ ಮನಸ್ಸು ಬದಲಿಸಿದರೆ ಏನಾಗುತ್ತದೆ? ಕಂಪನಿ ನಮ್ಮ ಹೈಕೋರ್ಟನ್ನು ದಾಟಿ ಹೊರದೇಶದ ನ್ಯಾಯಮಂಡಳಿಗೆ ಹೋಗಬಹುದೇ? ‘ಅಂತರರಾಷ್ಟ್ರೀಯ ಕಾನೂನು’ ಎಂಬ ಹೆಸರು ಕೇಳಿದರೆ ಸಾಕು, ಗ್ರಾಮಸಭೆಯಿಂದ ವಿಧಾನಸೌಧದವರೆಗೆ ಎಲ್ಲರ ಕೈಕಟ್ಟುವ ಅಧಿಕಾರ ಅದಕ್ಕಿದೆ ಎಂಬ ಭಾವನೆ ಮೂಡುತ್ತದೆ. ವಾಸ್ತವ ಹಾಗಿಲ್ಲ. ಆದರೆ ಅಪಾಯವೇ ಇಲ್ಲ ಎನ್ನುವಂತೆಯೂ ಇಲ್ಲ. ಅಪಾಯ ಇರುವ ಜಾಗ ಮಾತ್ರ ನಾವು ಸಾಮಾನ್ಯವಾಗಿ ಹುಡುಕುವ ಜಾಗವಲ್ಲ.

ಬರೆದಿಡದ ಕಾನೂನು

ದೇಶಗಳು ಪರಸ್ಪರ ಸಹಿ ಹಾಕಿದ ಒಪ್ಪಂದಗಳು ಅಂತರರಾಷ್ಟ್ರೀಯ ಕಾನೂನಿನ ಒಂದು ಮೂಲ. ಇನ್ನೊಂದು ಮೂಲ ರೂಢಿ. ಬಹುಪಾಲು ದೇಶಗಳು ದೀರ್ಘಕಾಲ ಒಂದೇ ರೀತಿ ನಡೆದುಕೊಂಡಿದ್ದು, ಹಾಗೆ ನಡೆಯುವುದು ತಮ್ಮ ಕಾನೂನುಬದ್ಧ ಕರ್ತವ್ಯವೆಂದು ನಂಬಿಯೇ ನಡೆದುಕೊಂಡಿದ್ದರೆ, ಆ ನಡವಳಿಕೆಗೆ ಕಾನೂನಿನ ಬಲ ಬರುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ ಇದನ್ನು ಒಪ್ಪಿಕೊಂಡಿದೆ. ಇದನ್ನೇ ರೂಢಿಗತ ಅಂತರರಾಷ್ಟ್ರೀಯ ಕಾನೂನು ಎನ್ನುತ್ತಾರೆ. ಇದಕ್ಕೆ ಸಹಿ ಬೇಕಿಲ್ಲ. ಒಪ್ಪಂದ ರದ್ದಾದರೂ ಇದು ಉಳಿಯುತ್ತದೆ.

ಪರದೇಶದಿಂದ ಬಂದವರನ್ನು, ಅವರ ಆಸ್ತಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಬಗ್ಗೆ ಈ ರೂಢಿ ಒಂದು ಕನಿಷ್ಠ ಮಾನದಂಡವನ್ನು ಹಾಕಿಕೊಟ್ಟಿದೆ. ಅವರಿಗೆ ನ್ಯಾಯಾಲಯದ ಬಾಗಿಲು ಮುಚ್ಚಬಾರದು. ಅವರ ಜೀವ, ಆಸ್ತಿಗೆ ಪೊಲೀಸ್ ರಕ್ಷಣೆ ಕೊಡುವಲ್ಲಿ ಸಲ್ಲದ ಅಲಕ್ಷ್ಯ ತೋರಬಾರದು. ಪರಿಹಾರ ಕೊಡದೆ ಆಸ್ತಿ ಕಿತ್ತುಕೊಳ್ಳಬಾರದು. ತೀರಾ ಮನಸೋಇಚ್ಛೆಯಿಂದ ವರ್ತಿಸಬಾರದು. ಈ ಸಾರಾಂಶದ ಬಗ್ಗೆ ಇಂದು ಹೆಚ್ಚು ಜಗಳವಿಲ್ಲ. ಜಗಳವಿರುವುದು ಆ ನೆಲಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದರ ಬಗ್ಗೆ, ಮತ್ತು ಅದನ್ನು ಅಳೆಯುವವರು ಯಾರು ಎಂಬುದರ ಬಗ್ಗೆ.

ಎರಡನೆಯ ಪ್ರಶ್ನೆ ಮುಖ್ಯ. ರೂಢಿಗತ ಕಾನೂನಿನಡಿ ಹೂಡಿಕೆದಾರ ತಾನೇ ಹೋಗಿ ಒಂದು ದೇಶದ ಮೇಲೆ ದಾವೆ ಹೂಡಲಾಗದು. ಮೊದಲು ಆ ದೇಶದ ನ್ಯಾಯಾಲಯಗಳಲ್ಲಿ ಕೊನೆಯ ಮೆಟ್ಟಿಲಿನವರೆಗೂ ಹೋಗಬೇಕು. ಆಮೇಲೆ ಅವನ ತಾಯ್ನಾಡಿನ ಸರ್ಕಾರ ಮನಸ್ಸು ಮಾಡಿ ಅವನ ಪರವಾಗಿ ತಕರಾರು ಎತ್ತಬೇಕು. ರಾಜತಾಂತ್ರಿಕ ರಕ್ಷಣೆ ಎಂದರೆ ಇದೇ. ಹೂಡಿಕೆದಾರನೇ ನೇರವಾಗಿ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗುವ ಹಕ್ಕು ರೂಢಿಯಿಂದ ಬಂದದ್ದಲ್ಲ, ಅದು ಹೂಡಿಕೆ ಒಪ್ಪಂದಗಳ ಕೊಡುಗೆ. ಹಾಗಾಗಿ ‘ವಿದೇಶಿ ಕಂಪನಿ ದಾವೆ ಹೂಡಬಹುದೇ’ ಎಂಬ ಪ್ರಶ್ನೆಗೆ ಮೊದಲ ಮರುಪ್ರಶ್ನೆ: ಅದು ಯಾವ ದೇಶದ ಕಂಪನಿ, ಆ ದೇಶದ ಜೊತೆ ನಮಗೆ ಈಗ ಜಾರಿಯಲ್ಲಿರುವ ಒಪ್ಪಂದ ಯಾವುದು?

ಗಣಿಯ ಮೇಲ್ವಿಚಾರಕನ ಕೊಲೆ

ಕನಿಷ್ಠ ಮಾನದಂಡದ ಚರ್ಚೆ ಎಲ್ಲಿಯೇ ನಡೆದರೂ 1926ರ ಒಂದು ತೀರ್ಪನ್ನು ಮುಟ್ಟಿಯೇ ಹೋಗುತ್ತದೆ. ಮೆಕ್ಸಿಕೊದ ಗ್ವಾನಸೆವಿ ಬಳಿಯ ಗಣಿಯೊಂದರ ಮೇಲ್ವಿಚಾರಕನಾಗಿದ್ದ ಅಮೆರಿಕನ್ ಪಾಲ್ ನೀರ್ ಎಂಬಾತ 1924ರ ನವೆಂಬರ್‌ನಲ್ಲಿ ಹೆಂಡತಿಯ ಜೊತೆ ಕುದುರೆಯ ಮೇಲೆ ಮನೆಗೆ ಮರಳುತ್ತಿದ್ದಾಗ ಶಸ್ತ್ರಧಾರಿಗಳು ಅಡ್ಡಗಟ್ಟಿ ಕೊಂದರು. ಮೆಕ್ಸಿಕೊದ ಅಧಿಕಾರಿಗಳು ತನಿಖೆಯಲ್ಲಿ ಉದಾಸೀನ ತೋರಿದರು ಎಂದು ದೂರಿ ಕುಟುಂಬದ ಪರವಾಗಿ ಅಮೆರಿಕ 1 ಲಕ್ಷ ಡಾಲರ್ ಪರಿಹಾರ ಕೇಳಿತು. ಉಭಯ ದೇಶಗಳ ಆಯೋಗ ಬೇಡಿಕೆಯನ್ನು ತಳ್ಳಿಹಾಕಿತು. ತನಿಖೆ ಇನ್ನೂ ಚುರುಕಾಗಬಹುದಿತ್ತು ಎಂದು ಅದು ಒಪ್ಪಿಕೊಂಡಿತು. ಆದರೆ ಸರ್ಕಾರದ ನಡತೆ ಅತಿರೇಕದ್ದೋ ದುರುದ್ದೇಶದ್ದೋ ಆಗಿದ್ದರೆ, ಅಥವಾ ಅದರ ಕೊರತೆ ಯಾವುದೇ ನಿಷ್ಪಕ್ಷಪಾತಿಯ ಕಣ್ಣಿಗೆ ಒಡನೆಯೇ ಹೊಡೆಯುವಷ್ಟು ದೊಡ್ಡದಾಗಿದ್ದರೆ ಮಾತ್ರ ಅಂತರರಾಷ್ಟ್ರೀಯ ಹೊಣೆ ಬರುತ್ತದೆ ಎಂದಿತು.

ಅಂದರೆ ಸರ್ಕಾರದ ಎಲ್ಲ ತಪ್ಪುಗಳೂ ಅಂತರರಾಷ್ಟ್ರೀಯ ಅಪರಾಧವಲ್ಲ. ಈ ಮಟ್ಟದ ತಗ್ಗುತನವೇ ಆತಿಥೇಯ ದೇಶಗಳಿಗೆ ಬೇಕಾದದ್ದು. ಲ್ಯಾಟಿನ್ ಅಮೆರಿಕದ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದಿದ್ದವು. ಅರ್ಜೆಂಟೀನಾದ ನ್ಯಾಯಶಾಸ್ತ್ರಜ್ಞ ಕಾರ್ಲೋಸ್ ಕಾಲ್ವೊ 19ನೇ ಶತಮಾನದಲ್ಲೇ ಮಂಡಿಸಿದ್ದ ವಾದ ಅವುಗಳ ಆಧಾರ: ನಮ್ಮ ಪ್ರಜೆಗೆ ಯಾವ ಕಾನೂನೋ ಪರದೇಶಿಗೂ ಅದೇ, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. 1902ರಲ್ಲಿ ಸಾಲ ವಸೂಲಿಗಾಗಿ ಬ್ರಿಟನ್, ಜರ್ಮನಿ, ಇಟಲಿಯ ಯುದ್ಧನೌಕೆಗಳು ವೆನೆಜುವೆಲಾದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದನ್ನು ಕಂಡವರಿಗೆ ಈ ವಾದ ಬರಿಯ ಪುಸ್ತಕದ ಮಾತಾಗಿರಲಿಲ್ಲ. 1938ರಲ್ಲಿ ಮೆಕ್ಸಿಕೊ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿತು. ಅದೇ ವರ್ಷ, ಮೆಕ್ಸಿಕೊ ಮೊದಲೇ ವಶಪಡಿಸಿಕೊಂಡಿದ್ದ ಅಮೆರಿಕನ್ನರ ಕೃಷಿ ಭೂಮಿಯ ಬಗ್ಗೆ ಬರೆದ ಪತ್ರಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್, ಪರಿಹಾರ ತಕ್ಷಣ ಸಿಗಬೇಕು, ಸಾಕಷ್ಟಿರಬೇಕು, ನಗದಾಗುವಂತಿರಬೇಕು ಎಂದು ಪಟ್ಟು ಹಿಡಿದರು.

ಕೋಲಾರದ ಚಿನ್ನ ಮತ್ತು 1956

ಈ ಜಗಳ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. 1880ರ ದಶಕದಿಂದ ಕೋಲಾರ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್‌ನ ಆಡಳಿತದಲ್ಲಿ ಬ್ರಿಟಿಷ್ ಕಂಪನಿಗಳು ನಡೆಸಿದವು. 1956ರಲ್ಲಿ ಮೈಸೂರು ಸರ್ಕಾರ ಪರಿಹಾರ ಕೊಟ್ಟು ಆ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ 1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದ್ದಕ್ಕೆ ಯುದ್ಧವೇ ನಡೆಯಿತು, ಷೇರುದಾರರಿಗೆ ಪರಿಹಾರದ ಒಪ್ಪಂದವಾಗಲು 1958 ಬರಬೇಕಾಯಿತು. ಎರಡು ಪ್ರಕರಣಗಳ ರಾಜಕೀಯ ಬೇರೆ ಬೇರೆ, ತೂಕವೂ ಬೇರೆ. ಆದರೆ ಕೆಜಿಎಫ್‌ನ ಉದಾಹರಣೆ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ: ವಿದೇಶಿಯರ ಆಸ್ತಿಯನ್ನು ಸಾರ್ವಜನಿಕ ಉದ್ದೇಶಕ್ಕೆ ಪಡೆಯುವುದನ್ನು ರೂಢಿಗತ ಕಾನೂನು ನಿಷೇಧಿಸಿಲ್ಲ. ಕಾನೂನಿನ ಪ್ರಕಾರ ನಡೆದು ಪರಿಹಾರ ಕೊಟ್ಟರೆ ಸರ್ಕಾರಕ್ಕೆ ಆ ಅಧಿಕಾರ ಇದೆ. 1962ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ 1803ನೇ ನಿರ್ಣಯದಲ್ಲಿ ಇದನ್ನೇ ಹೇಳಿತು. ಅಲ್ಲಿ ಹಲ್ ಬಳಸಿದ ಬಿಗಿ ಪದಗಳ ಬದಲಿಗೆ ‘ಯೋಗ್ಯ ಪರಿಹಾರ’ ಎಂಬ ಸಡಿಲ ಪದ ಬಂತು.

ಸಡಿಲ ಪದಗಳ ಒಪ್ಪಂದಗಳು

1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದ ಮಾಡಿಕೊಂಡವು. ಮುಂದಿನ ದಶಕಗಳಲ್ಲಿ ಇಂಥ ಒಪ್ಪಂದಗಳು ಸಾವಿರಗಟ್ಟಲೆ ಬಂದವು. ಭಾರತ ತನ್ನ ಮೊದಲನೆಯದಕ್ಕೆ 1994ರಲ್ಲಿ ಬ್ರಿಟನ್ ಜೊತೆ ಸಹಿ ಹಾಕಿತು. ಇವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದು ವಾಕ್ಯವಿತ್ತು: ಹೂಡಿಕೆಗೆ ‘ನ್ಯಾಯಯುತ ಮತ್ತು ಸಮದೃಷ್ಟಿಯ’ ನಡವಳಿಕೆ ದೊರೆಯಬೇಕು. ಯಾವುದು ನ್ಯಾಯಯುತ ಎಂದು ಯಾರೂ ವಿವರಿಸಲಿಲ್ಲ. ವಿವರಿಸದ ಪದಕ್ಕೆ ಅರ್ಥ ಕೊಡುವ ಕೆಲಸ ನ್ಯಾಯಮಂಡಳಿಯಲ್ಲಿ ಕೂರುವ ಮೂವರು ಮಧ್ಯಸ್ಥಗಾರರ ಪಾಲಾಯಿತು. ಇದು ಹಳೆಯ ಕನಿಷ್ಠ ಮಾನದಂಡವೇ, ಇಲ್ಲವೇ ಅದಕ್ಕಿಂತ ಮೇಲಿನ ಸ್ವತಂತ್ರ ರಕ್ಷಣೆಯೇ? ಈ ಪ್ರಶ್ನೆಯ ಮೇಲೆ ಕೋಟ್ಯಂತರ ಡಾಲರ್ ನಿಂತಿದೆ.

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಗ್ವಾಡಲ್ಕಸಾರ್ ಎಂಬ ಊರಿನ ಕಥೆ ಹೇಳುತ್ತದೆ. ಗ್ರಾಮ ಪಂಚಾಯಿತಿಯ ಅಧಿಕಾರದ ಬಗ್ಗೆ ಕಾಳಜಿ ಇರುವವರೆಲ್ಲ ಇದನ್ನು ತಿಳಿದಿರಬೇಕು.

ಪುರಸಭೆ ಬೇಡವೆಂದಾಗ

ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿ ರಾಜ್ಯದ ಈ ಊರಿನಲ್ಲಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕ ಕಟ್ಟಲು ಮೆಟಲ್‌ಕ್ಲಾಡ್ ಎಂಬ ಅಮೆರಿಕದ ಕಂಪನಿ ಹೊರಟಿತು. ಕೇಂದ್ರ ಸರ್ಕಾರದ ಪರವಾನಗಿ ಇತ್ತು. ಬೇರೆ ಅನುಮತಿ ಬೇಕಿಲ್ಲವೆಂದು ಕೇಂದ್ರದ ಅಧಿಕಾರಿಗಳು ಭರವಸೆ ಕೊಟ್ಟರೆಂದು ಕಂಪನಿ ಹೇಳಿತು. 1994ರಲ್ಲಿ ಕಟ್ಟಡ ಕೆಲಸ ಶುರುವಾಯಿತು. ಪುರಸಭೆ ತನ್ನ ಕಟ್ಟಡ ಪರವಾನಗಿ ಇಲ್ಲವೆಂದು ಕೆಲಸ ತಡೆಯಿತು. ಕಂಪನಿ ಅರ್ಜಿ ಹಾಕಿ ಕೆಲಸ ಮುಂದುವರಿಸಿತು. 1995ರ ಮಾರ್ಚ್‌ನಲ್ಲಿ ಉದ್ಘಾಟನೆಗೆ ಬಂದವರನ್ನು ಪ್ರತಿಭಟನಾಕಾರರು ತಡೆದರು. ಅರ್ಜಿ ಹಾಕಿ 13 ತಿಂಗಳಾದ ಮೇಲೆ, 1995ರ ಡಿಸೆಂಬರ್‌ನಲ್ಲಿ, ಕಂಪನಿಗೆ ತಿಳಿಸದೆಯೇ ಸಭೆ ಸೇರಿದ ಪುರಸಭೆ ಅರ್ಜಿಯನ್ನು ತಿರಸ್ಕರಿಸಿತು. 1997ರಲ್ಲಿ ರಾಜ್ಯ ಸರ್ಕಾರದ ಮುಖ್ಯಸ್ಥರಾದ ಗವರ್ನರ್ ಆ ಜಾಗವನ್ನೂ ಸೇರಿಸಿ ಅಪರೂಪದ ಕಳ್ಳಿಗಿಡಗಳ ರಕ್ಷಣೆಗಾಗಿ ಸಂರಕ್ಷಿತ ಪ್ರದೇಶ ಘೋಷಿಸಿದರು.

ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದದಡಿ 2000ದ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಮೆಕ್ಸಿಕೊ 1.66 ಕೋಟಿ ಡಾಲರ್ ಮೀರಿದ ಪರಿಹಾರ ಕೊಡಬೇಕೆಂದಿತು. ಅನುಮತಿಗಳ ಬಗ್ಗೆ ನಿಯಮ ಪಾರದರ್ಶಕವಾಗಿರಲಿಲ್ಲ, ಆದ್ದರಿಂದ ನಡವಳಿಕೆ ನ್ಯಾಯಯುತವಲ್ಲ ಎಂಬುದು ಅದರ ಒಂದು ಕಾರಣ. ಮೆಕ್ಸಿಕೊ ಇದನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2001ರಲ್ಲಿ ಆ ನ್ಯಾಯಾಲಯ ಹೇಳಿದ್ದನ್ನು ಗಮನಿಸಬೇಕು: ಪಾರದರ್ಶಕತೆ ರೂಢಿಗತ ಅಂತರರಾಷ್ಟ್ರೀಯ ಕಾನೂನಿನ ಭಾಗವಾಗಿದೆ ಎನ್ನಲು ಆಧಾರವಿಲ್ಲ, ಈ ವಿಷಯದಲ್ಲಿ ನ್ಯಾಯಮಂಡಳಿ ತನ್ನ ವ್ಯಾಪ್ತಿ ಮೀರಿದೆ. ಸಂರಕ್ಷಿತ ಪ್ರದೇಶದ ಘೋಷಣೆಯಿಂದ ಆಸ್ತಿ ಕೈತಪ್ಪಿತು ಎಂಬ ಕಾರಣಕ್ಕೆ ಪರಿಹಾರದ ಬಹುಪಾಲು ಉಳಿಯಿತು, ನಿಜ. ಆದರೆ ಕಾನೂನಿನ ಪಾಠ ಬೇರೆಯೇ. ಅವವೇ ಘಟನೆಗಳು ಸಡಿಲ ಪದದ ಕಣ್ಣಿಗೆ ಅನ್ಯಾಯವಾಗಿ ಕಂಡವು, ರೂಢಿಯ ಕಣ್ಣಿಗೆ ಹಾಗೆ ಕಾಣಲಿಲ್ಲ.

ಇದಾದ ಸ್ವಲ್ಪದರಲ್ಲೇ, 2001ರ ಜುಲೈ 31ರಂದು, ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ಅಧಿಕೃತ ವ್ಯಾಖ್ಯಾನ ಹೊರಡಿಸಿದವು: ನಾಫ್ಟಾದ ‘ನ್ಯಾಯಯುತ ನಡವಳಿಕೆ’ ರೂಢಿಗತ ಕನಿಷ್ಠ ಮಾನದಂಡಕ್ಕಿಂತ ಹೆಚ್ಚೇನನ್ನೂ ಕೊಡುವುದಿಲ್ಲ. ಬಂಡವಾಳ ಕಳಿಸುವ ದೇಶಗಳೇ ತಮ್ಮ ಮೇಲೆ ದಾವೆ ಬಿದ್ದಾಗ ಹಳೆಯ ನೆಲಮಟ್ಟಕ್ಕೆ ಮರಳಿದ್ದು ಈ ಇತಿಹಾಸದ ಅತಿ ಮುಖ್ಯ ತಿರುವು.

ಆದರೂ ಚರ್ಚೆ ಮುಗಿಯಲಿಲ್ಲ. ಮಾನದಂಡ 1926ಕ್ಕೇ ಹೆಪ್ಪುಗಟ್ಟಿಲ್ಲ, ಅನ್ಯಾಯವೆನಿಸಲು ಅತಿರೇಕವೇ ಆಗಬೇಕಿಲ್ಲ ಎಂದು 2002ರಲ್ಲಿ ಮಾಂಡೆವ್ ಪ್ರಕರಣದ ನ್ಯಾಯಮಂಡಳಿ ಹೇಳಿತು. 2009ರಲ್ಲಿ ಗ್ಲಾಮಿಸ್ ಗೋಲ್ಡ್ ಪ್ರಕರಣದಲ್ಲಿ ಇನ್ನೊಂದು ನ್ಯಾಯಮಂಡಳಿ ಮತ್ತೆ ನೀರ್ ತೀರ್ಪಿನತ್ತ ವಾಲಿತು. ಅದು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯ ವಿಷಯ. ಮೂಲನಿವಾಸಿ ಕ್ವೆಚಾನ್ ಜನರಿಗೆ ಪವಿತ್ರವಾದ ನೆಲದ ಬಳಿ ತೆರೆದ ಗಣಿ ತೋಡುವವರು ಕೆಲಸದ ನಂತರ ಗುಂಡಿ ಮುಚ್ಚಲೇಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ ನಿಯಮ ಮಾಡಿತ್ತು. ಕೆನಡಾದ ಕಂಪನಿ 5 ಕೋಟಿ ಡಾಲರ್ ಕೇಳಿ ಸೋತಿತು. ಗಣಿ ಮುಚ್ಚಿದ ಮೇಲೂ ಸೈನೈಡ್ ಗುಡ್ಡಗಳ ದೂಳು ಕುಡಿಯುತ್ತಿರುವ ಕೆಜಿಎಫ್ ಜನರಿಗೆ ಈ ತೀರ್ಪಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಪರಿಸರಕ್ಕಾಗಿ ರಾಜ್ಯ ಸರ್ಕಾರ ನಿಯಮ ಬಿಗಿಗೊಳಿಸುವುದು ತನ್ನಷ್ಟಕ್ಕೆ ಕನಿಷ್ಠ ಮಾನದಂಡದ ಉಲ್ಲಂಘನೆಯಲ್ಲ.

ಭಾರತ ಸೋತದ್ದು ಎಲ್ಲಿ

ಭಾರತಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 2011ರ ನವೆಂಬರ್‌ನಲ್ಲಿ. ಕೋಲ್ ಇಂಡಿಯಾ ಜೊತೆ 1989ರಲ್ಲಿ ಗುತ್ತಿಗೆ ಮಾಡಿಕೊಂಡಿದ್ದ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿಗೆ 2002ರಲ್ಲಿ ವಾಣಿಜ್ಯ ಮಧ್ಯಸ್ಥಿಕೆಯಲ್ಲಿ ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಿಗಬೇಕೆಂದು ತೀರ್ಮಾನವಾಗಿತ್ತು. ಕೋಲ್ ಇಂಡಿಯಾ ಕೋಲ್ಕತ್ತ ಹೈಕೋರ್ಟಿಗೆ ಹೋಯಿತು, ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಐದು ವರ್ಷಕ್ಕೂ ಮೀರಿ ಕೊಳೆಯಿತು. ಕಂಪನಿ ಹೂಡಿಕೆ ಒಪ್ಪಂದದಡಿ ದಾವೆ ಹೂಡಿತು.

ತೀರ್ಪಿನ ಒಳವಿವರ ಇಲ್ಲಿ ಮುಖ್ಯ. ಒಂಬತ್ತು ವರ್ಷಗಳ ವಿಳಂಬ ಅತೃಪ್ತಿಕರ ಎಂದ ನ್ಯಾಯಮಂಡಳಿ, ಅದು ರೂಢಿಗತ ಕಾನೂನಿನ ಅರ್ಥದಲ್ಲಿ ‘ನ್ಯಾಯ ನಿರಾಕರಣೆ’ ಆಗುವುದಿಲ್ಲ ಎಂದಿತು. ಅಲ್ಲಿಗೆ ಭಾರತ ಪಾರಾಗಬೇಕಿತ್ತು. ಆದರೆ ಆಸ್ಟ್ರೇಲಿಯಾ ಒಪ್ಪಂದದಲ್ಲಿ ‘ಪರಮಾಪ್ತ ರಾಷ್ಟ್ರ’ ವಿಧಿ ಇತ್ತು. ಬೇರೆ ದೇಶಕ್ಕೆ ಕೊಟ್ಟ ಸೌಲಭ್ಯ ನಮಗೂ ಸಿಗಬೇಕು ಎಂಬುದು ಅದರ ತಾತ್ಪರ್ಯ. ಕುವೈತ್ ಜೊತೆಗಿನ ಒಪ್ಪಂದದಲ್ಲಿ ಹಕ್ಕು ಸಾಧಿಸಲು ‘ಪರಿಣಾಮಕಾರಿ ಮಾರ್ಗ’ ಒದಗಿಸುತ್ತೇವೆಂದು ಭಾರತ ಮಾತು ಕೊಟ್ಟಿತ್ತು. ಆ ವಾಕ್ಯವನ್ನು ಇಲ್ಲಿಗೆ ಎಳೆದುತಂದು ಭಾರತ ತಪ್ಪಿತಸ್ಥ ಎನ್ನಲಾಯಿತು. ಭಾರತವನ್ನು ಸೋಲಿಸಿದ್ದು ರೂಢಿಯಲ್ಲ. ಅಜಾಗರೂಕತೆಯಿಂದ ಬರೆದ ಒಂದು ಸಾಲು, ಮತ್ತು ನಮ್ಮ ನ್ಯಾಯಾಲಯಗಳ ನಿಧಾನಗತಿ.

ಆಮೇಲೆ ಹಳೆಯ ವ್ಯವಹಾರಗಳಿಗೂ ಅನ್ವಯಿಸುವಂತೆ 2012ರಲ್ಲಿ ತಂದ ಪೂರ್ವಾನ್ವಯ ತೆರಿಗೆಯ ವಿಷಯದಲ್ಲಿ 2020ರಲ್ಲಿ ವೊಡಾಫೋನ್, ಕೇರ್ನ್ ಕಂಪನಿಗಳೆರಡೂ ಭಾರತದ ವಿರುದ್ಧ ಗೆದ್ದವು. ಎರಡರಲ್ಲೂ ನ್ಯಾಯಯುತ ನಡವಳಿಕೆಯ ವಿಧಿಯೇ ಆಧಾರ. 2021ರಲ್ಲಿ ಸಂಸತ್ತು ಆ ತೆರಿಗೆಯನ್ನು ಹಿಂಪಡೆಯಿತು.

2016ರ ಮಾದರಿ ಏನು ಮಾಡಿತು

ಈ ಅನುಭವದಿಂದ ಎಚ್ಚೆತ್ತ ಕೇಂದ್ರ ಸರ್ಕಾರ 2016ರಲ್ಲಿ ಹೊಸ ಮಾದರಿ ಒಪ್ಪಂದ ತಂದು, ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ರದ್ದುಪಡಿಸಿತು. ಹೊಸ ಮಾದರಿಯ 3ನೇ ವಿಧಿಯಲ್ಲಿ ‘ನ್ಯಾಯಯುತ ನಡವಳಿಕೆ’ ಎಂಬ ಪದವೇ ಇಲ್ಲ. ಅದರ ಬದಲು ರೂಢಿಗತ ಕಾನೂನಿನ ಉಲ್ಲಂಘನೆ ಎನಿಸುವ ನಾಲ್ಕು ನಡತೆಗಳನ್ನು ಹೆಸರಿಸಲಾಗಿದೆ: ನ್ಯಾಯ ನಿರಾಕರಣೆ, ವಿಚಾರಣಾ ಕ್ರಮದ ಮೂಲಭೂತ ಉಲ್ಲಂಘನೆ, ಲಿಂಗ, ಜನಾಂಗ, ಧರ್ಮದಂಥ ಕಾರಣಕ್ಕೆ ಗುರಿಯಿಟ್ಟು ಮಾಡುವ ತಾರತಮ್ಯ, ಮತ್ತು ಒತ್ತಡ, ಬೆದರಿಕೆ, ಕಿರುಕುಳದಂಥ ಸ್ಪಷ್ಟ ದುರ್ವರ್ತನೆ. ಪರಮಾಪ್ತ ರಾಷ್ಟ್ರ ವಿಧಿ ಹೋಯಿತು. ತೆರಿಗೆ ಹೊರಗುಳಿಯಿತು. ನ್ಯಾಯಮಂಡಳಿಗೆ ಹೋಗುವ ಮುನ್ನ ಕನಿಷ್ಠ ಐದು ವರ್ಷ ಭಾರತದ ನ್ಯಾಯಾಲಯಗಳಲ್ಲಿ ಪ್ರಯತ್ನಿಸಬೇಕೆಂಬ ನಿಯಮ ಬಂತು.

ಸ್ಥಳೀಯ ದೃಷ್ಟಿಯಿಂದ ಇನ್ನೂ ಎರಡು ಅಂಶ ಗಮನಾರ್ಹ. ಸ್ಥಳೀಯ ಸರ್ಕಾರದ, ಅಂದರೆ ನಗರಸಭೆ, ಗ್ರಾಮ ಪಂಚಾಯಿತಿಗಳ, ಕ್ರಮಗಳಿಗೆ ಮಾದರಿ ಅನ್ವಯಿಸುವುದಿಲ್ಲ. ಭೂಮಿಯ ವಶದ ಪ್ರಶ್ನೆ ಬಂದರೆ ಸಾರ್ವಜನಿಕ ಉದ್ದೇಶ, ಪರಿಹಾರ ಎರಡನ್ನೂ ಭಾರತದ ಭೂಸ್ವಾಧೀನ ಕಾನೂನಿನ ಪ್ರಕಾರವೇ ತೀರ್ಮಾನಿಸಬೇಕು. ರಾಜ್ಯ ಸರ್ಕಾರಕ್ಕೆ ಮಾತ್ರ ಇಂಥ ವಿನಾಯಿತಿ ಇಲ್ಲ. ರಾಜ್ಯದ ತಪ್ಪಿಗೂ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಉತ್ತರ ಕೊಡಬೇಕಾದದ್ದು ಭಾರತವೇ.

ಹಾಗಾದರೆ ಜಂಗಮಕೋಟೆಯಲ್ಲಿ?

ಈಗ ಮೊದಲ ಪ್ರಶ್ನೆಗೆ ಹಂತಹಂತವಾಗಿ ಉತ್ತರಿಸಬಹುದು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ರಡಿ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಪಹಣಿಯ 11ನೇ ಕಾಲಂನಲ್ಲಿ ಕೆಐಎಡಿಬಿ ಹೆಸರು ಬೀಳುತ್ತದೆ, ಆಕ್ಷೇಪಣೆ ಕೇಳಿ 28(4)ರಡಿ ಅಂತಿಮ ಅಧಿಸೂಚನೆ ಬರುತ್ತದೆ. ಈ ಹಂತಗಳಲ್ಲಿ ಸರ್ಕಾರ ಹಿಂದೆ ಸರಿದರೆ ವಿದೇಶಿ ಕಂಪನಿಯ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಹೂಡಿಕೆದಾರರ ಸಮಾವೇಶದಲ್ಲಿ ಸಹಿಯಾದ ಒಡಂಬಡಿಕೆಯ ಹಾಳೆ ಮಾತ್ರ. 2025ರ ಫೆಬ್ರವರಿಯ ‘ಇನ್ವೆಸ್ಟ್ ಕರ್ನಾಟಕ’ದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಬದ್ಧತೆ ಬಂದಿದೆ ಎಂದು ಸರ್ಕಾರ ಹೇಳಿತು. ಬದ್ಧತೆಯೇ ಹೂಡಿಕೆಯಲ್ಲ. ಶ್ರೀಲಂಕಾದಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಆಶಯ ಪತ್ರ ಪಡೆದು ಹಣ ಖರ್ಚು ಮಾಡಿದ್ದ ಅಮೆರಿಕದ ಮಿಹಾಲಿ ಕಂಪನಿಯ ದಾವೆಯನ್ನು 2002ರಲ್ಲಿ ನ್ಯಾಯಮಂಡಳಿ ಇದೇ ಕಾರಣಕ್ಕೆ ತಿರಸ್ಕರಿಸಿತು. ಭಾರತದ ಮಾದರಿಯೂ ಉದ್ಯಮ ನಿಜವಾಗಿ ನಡೆಯತೊಡಗುವ ಮುನ್ನ ಮಾಡಿದ ಖರ್ಚನ್ನು ಹೂಡಿಕೆ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ರೈತರ ಮಾತು ಕೇಳಿ ಜಮೀನು ಕೈಬಿಡಲು ಅಂತರರಾಷ್ಟ್ರೀಯ ಕಾನೂನು ಅಡ್ಡಿ ಎಂದು ಯಾರಾದರೂ ಹೇಳಿದರೆ, ಆ ಮಾತಿಗೆ ಆಧಾರ ಕೇಳಬೇಕು.

ಕಾರ್ಖಾನೆ ನಡೆಯತೊಡಗಿದ ಮೇಲೆ ಚಿತ್ರ ಬದಲಾಗುತ್ತದೆ. 2020ರ ಡಿಸೆಂಬರ್ 12ರಂದು ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಅಸಮಾಧಾನ ದಾಂಧಲೆಗೆ ತಿರುಗಿತು. ಇಂಥಲ್ಲಿ ರೂಢಿಯ ಪ್ರಶ್ನೆ: ಸರ್ಕಾರ ರಕ್ಷಣೆಯಲ್ಲಿ ಯುಕ್ತ ಎಚ್ಚರ ವಹಿಸಿತೇ? ಹಾನಿ ಆಯಿತು ಎಂಬುದಷ್ಟೇ ಹೊಣೆಗೆ ಸಾಲದು. 1987ರಲ್ಲಿ ಶ್ರೀಲಂಕಾ ಸೇನಾ ಕಾರ್ಯಾಚರಣೆಯಲ್ಲಿ ನಾಶವಾದ, ವಿದೇಶಿ ಹೂಡಿಕೆಯಿದ್ದ ಸೀಗಡಿ ಸಾಕಣೆ ಕೇಂದ್ರದ ಪ್ರಕರಣದಲ್ಲಿ 1990ರ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ಶ್ರೀಲಂಕಾ ಸೋತದ್ದು ಹಾನಿ ತಪ್ಪಿಸಲು ಕೈಯಲ್ಲಿದ್ದ ಮುನ್ನೆಚ್ಚರಿಕೆಯನ್ನು ಬಳಸಲಿಲ್ಲ ಎಂಬುದಕ್ಕೆ. ನರಸಾಪುರದಲ್ಲಿ ಪೊಲೀಸರು ಬಂದರು, ಬಂಧನಗಳಾದವು, ಕಾರ್ಖಾನೆ ಮತ್ತೆ ಶುರುವಾಯಿತು. ವೇತನ ಪಾವತಿಯಲ್ಲಿ ಲೋಪವಾಗಿದ್ದನ್ನು ಕಂಪನಿಯೂ ಒಪ್ಪಿಕೊಂಡಿತು. ಕಾರ್ಮಿಕ ಕಾನೂನು ಜಾರಿಮಾಡುವುದನ್ನು ಕನಿಷ್ಠ ಮಾನದಂಡ ಎಲ್ಲಿಯೂ ತಡೆದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ, ಅದಕ್ಕೆ ಉದಾಹರಣೆ ನೆರೆಯ ತಮಿಳುನಾಡು. ಚೆನ್ನೈ ಬಳಿಯ ಕಾರು ಕಾರ್ಖಾನೆಗಾಗಿ 2008ರಲ್ಲಿ ನಿಸ್ಸಾನ್ ಜೊತೆ ಮಾಡಿಕೊಂಡ ಒಡಂಬಡಿಕೆಯಲ್ಲಿ ತಮಿಳುನಾಡು ಸರ್ಕಾರ ತೆರಿಗೆ ಮರುಪಾವತಿ ಸೇರಿ ಹಲವು ಪ್ರೋತ್ಸಾಹಕಗಳ ಭರವಸೆ ಕೊಟ್ಟಿತ್ತು. ಕಾರ್ಖಾನೆ ಬಂತು, ಹಣ ಪೂರ್ತಿ ಬರಲಿಲ್ಲ ಎಂದು ಕಂಪನಿ 2017ರಲ್ಲಿ ಭಾರತ–ಜಪಾನ್ ಆರ್ಥಿಕ ಸಹಭಾಗಿತ್ವ ಒಪ್ಪಂದದಡಿ ದಾವೆ ಹೂಡಿತು. ಬೇಡಿಕೆ 5,000 ಕೋಟಿ ರೂಪಾಯಿ ಮೀರಿತ್ತು. ವಿಚಾರಣೆ ನಡೆಸುವ ಅಧಿಕಾರವೇ ಇಲ್ಲವೆಂಬ ಭಾರತದ ಆಕ್ಷೇಪಣೆಯನ್ನು 2019ರಲ್ಲಿ ನ್ಯಾಯಮಂಡಳಿ ಒಪ್ಪಲಿಲ್ಲ. 2020ರಲ್ಲಿ ರಾಜಿಯಾಯಿತು. 2011ರ ಆ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ತುಮಕೂರಿನ ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕಾ ಪಟ್ಟಣದ ಯೋಜನೆ ಇದೆ, ನರಸಾಪುರದಲ್ಲಿ ಹೋಂಡಾ ಇದೆ. ಜಮೀನು ಕೊಡದಿರುವುದರಿಂದ ಬರುವ ದಾವೆಗಿಂತ, ಕೊಡಲಾಗದ ಪ್ರೋತ್ಸಾಹಕವನ್ನು ಬರೆದುಕೊಟ್ಟು ಆಮೇಲೆ ಕಡತ ಅಲ್ಲಾಡಿಸದೆ ಕೂರುವುದರಿಂದ ಬರುವ ದಾವೆ ರಾಜ್ಯಗಳಿಗೆ ಹೆಚ್ಚು ದುಬಾರಿ. ಯಾವ ಕಂಪನಿಗೆ ಏನು ಕೊಡುತ್ತೇವೆಂದು ಒಡಂಬಡಿಕೆಗಳಲ್ಲಿ ಬರೆದಿದೆ ಎಂಬುದನ್ನು ಜಿಲ್ಲೆಯ ಜನರು ಕೇಳಿ ತಿಳಿದುಕೊಳ್ಳುವುದು ಇದಕ್ಕೇ ಅಗತ್ಯ.

ಎರಡು ವಾದಗಳ ನಡುವೆ

ಮಾದರಿ ಸಡಿಲವಾಗಲಿ ಎನ್ನುವವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. 2016ರ ನಂತರ ಹೊಸ ಮಾದರಿಯನ್ನು ಒಪ್ಪಿದ ದೇಶಗಳು ಬೆರಳೆಣಿಕೆಯಷ್ಟು. ಐದು ವರ್ಷ ಕಾಯಿಸುವ ನಿಯಮ, ನಮ್ಮ ನ್ಯಾಯಾಲಯಗಳ ವೇಗವನ್ನು ಬಲ್ಲ ಯಾರಿಗೂ ಆಕರ್ಷಕವಲ್ಲ. 2024ರ ಫೆಬ್ರವರಿಯಲ್ಲಿ ಸಹಿಯಾದ ಯುಎಇ ಒಪ್ಪಂದದಲ್ಲಿ ಭಾರತ ಈಗಾಗಲೇ ಅದನ್ನು ಮೂರು ವರ್ಷಕ್ಕೆ ಇಳಿಸಿದೆ, ಷೇರುಪೇಟೆ ಹೂಡಿಕೆಗೂ ರಕ್ಷಣೆ ಕೊಟ್ಟಿದೆ. 2025ರ ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ಜೊತೆ ಒಪ್ಪಂದವಾಗಿದೆ. ಭಾರತದ ಕಂಪನಿಗಳೂ ಹೊರದೇಶಗಳಲ್ಲಿ ಹಣ ಹೂಡುತ್ತಿರುವುದರಿಂದ ರಕ್ಷಣೆ ನಮಗೂ ಬೇಕು.

ಎದುರುವಾದಿಗಳು ಹೇಳುವುದು, ಒಪ್ಪಂದ ಬಿಗಿ ಮಾಡಿದ್ದರಿಂದಲೇ ಹೂಡಿಕೆ ನಿಂತಿತೆಂದು ಸಾಬೀತಾಗಿಲ್ಲ. ಹೂಡಿಕೆದಾರ ನೋಡುವುದು ಮಾರುಕಟ್ಟೆ, ರಸ್ತೆ, ವಿದ್ಯುತ್, ಕೌಶಲ. ನನಗೆ ಈ ವಾದ ಹೆಚ್ಚು ಸರಿಯೆನಿಸುತ್ತದೆ. ಅದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಜಮೀನಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ರೈತನಿಗೆ ವೈಟ್ ಇಂಡಸ್ಟ್ರೀಸ್‌ಗೆ ಆದದ್ದೇ ಆಗುತ್ತಿದೆ. ಆದರೆ ಅವನಿಗೆ ಕುವೈತ್ ಒಪ್ಪಂದದ ಸಾಲು ಆಸರೆಗೆ ಬರುವುದಿಲ್ಲ, ಹೊರಗಿನ ನ್ಯಾಯಮಂಡಳಿಯೂ ಇಲ್ಲ. ಕಾಯುವ ಅವಧಿಯನ್ನು ವಿದೇಶಿಗೆ ಮಾತ್ರ ಕಡಿಮೆ ಮಾಡಿ, ವಿಳಂಬದ ಮೂಲವನ್ನು ಮುಟ್ಟದೆ ಬಿಟ್ಟರೆ ಅದು ಸುಧಾರಣೆಯಲ್ಲ. ಭೂಸ್ವಾಧೀನ ಮತ್ತು ವಾಣಿಜ್ಯ ವ್ಯಾಜ್ಯಗಳೆರಡೂ ಬೇಗ ಮುಗಿಯುವಂತಾದರೆ ಐದು ವರ್ಷದ ಷರತ್ತಿಗೇ ಕೆಲಸ ಇರುವುದಿಲ್ಲ.

ಕರಡು ಬಂದಾಗ ನೋಡಬೇಕಾದದ್ದು

ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೇಂದ್ರದ್ದು. ಜಮೀನು, ಪೊಲೀಸ್, ಪ್ರೋತ್ಸಾಹಕ ರಾಜ್ಯದ್ದು. ತಪ್ಪು ಮಾಡಬಹುದಾದವರು ಒಂದೆಡೆ, ಪದ ಬರೆಯುವವರು ಇನ್ನೊಂದೆಡೆ. 2015ರಲ್ಲಿ ಮಾದರಿಯ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಇಡಲಾಗಿತ್ತು, ಕಾನೂನು ಆಯೋಗ ತನ್ನ 260ನೇ ವರದಿಯಲ್ಲಿ ಅದನ್ನು ವಿಧಿವಿಧಿಯಾಗಿ ವಿಶ್ಲೇಷಿಸಿತ್ತು. ಈ ಬಾರಿಯೂ ಹಾಗೇ ಆಗಬೇಕು. ರಾಜ್ಯಗಳಿಂದ ಲಿಖಿತ ಅಭಿಪ್ರಾಯ ಪಡೆಯಬೇಕು.

ಕರಡು ಬಂದಾಗ 3ನೇ ವಿಧಿಯನ್ನು ಮೊದಲು ತೆರೆಯಬೇಕು. ನಾಲ್ಕು ನಡತೆಗಳ ಪಟ್ಟಿ ಹಾಗೇ ಇದೆಯೇ, ಇಲ್ಲವೇ ‘ನ್ಯಾಯಯುತ ನಡವಳಿಕೆ’ ವಿವರಣೆಯಿಲ್ಲದೆ ಮರಳಿದೆಯೇ? ಪರಮಾಪ್ತ ರಾಷ್ಟ್ರ ವಿಧಿ ಬಂದಿದ್ದರೆ ಪಟ್ಟಿಯಿದ್ದೂ ಪ್ರಯೋಜನವಿಲ್ಲ, ಬೇರೆ ಒಪ್ಪಂದದ ಸಡಿಲ ಸಾಲು ಅದರ ಮೂಲಕ ಒಳಗೆ ಬರುತ್ತದೆ. ಪರಿಸರ, ಆರೋಗ್ಯದ ರಕ್ಷಣೆಗಾಗಿ ತಾರತಮ್ಯವಿಲ್ಲದೆ ತಂದ ನಿಯಮ ಆಸ್ತಿವಶವಲ್ಲ ಎಂಬ 5ನೇ ವಿಧಿಯ ಮಾತು ಉಳಿದಿದೆಯೇ ಎಂದು ನೋಡಬೇಕು. ಮತ್ತು 2ನೇ ವಿಧಿಯಲ್ಲಿ, ಸ್ಥಳೀಯ ಸರ್ಕಾರಗಳ ಕ್ರಮಗಳನ್ನು ಒಪ್ಪಂದದಿಂದ ಹೊರಗಿಡುವ ಆ ಪುಟ್ಟ ಉಪವಿಧಿ. ಅದು ಉಳಿದರೆ ಜಂಗಮಕೋಟೆ ಅಥವಾ ವೇಮಗಲ್‌ನ ಪಂಚಾಯಿತಿ ಒಂದು ಕಟ್ಟಡಕ್ಕೆ ಪರವಾನಗಿ ನಿರಾಕರಿಸಿದ್ದನ್ನು ಪ್ರಶ್ನಿಸುವ ಜಾಗ ನಮ್ಮದೇ ಮೇಲ್ಮನವಿ ಪ್ರಾಧಿಕಾರ ಮತ್ತು ಹೈಕೋರ್ಟ್. ಅದು ಅಳಿದರೆ, ಗ್ವಾಡಲ್ಕಸಾರ್ ಪುರಸಭೆಯ ನಿರ್ಣಯದ ಹಾಗೆ, ಪಂಚಾಯಿತಿಯ ನಡಾವಳಿ ಪುಸ್ತಕದ ಒಂದು ಪುಟವೂ ಹೊರದೇಶದ ನ್ಯಾಯಮಂಡಳಿಯ ಮುಂದೆ ಸಾಕ್ಷ್ಯವಾಗಬಹುದು.